ಜಿಂಗ್‌ಡೆಝೆನ್‌ಗೆ ಪಿಂಗಾಣಿ ತಂದುಕೊಟ್ಟಿದ್ದು ಹೊಳೆಯೇ

ಸಮುದ್ರದಿಂದ ಅಷ್ಟು ದೂರ, ಬೆಟ್ಟಗಳ ನಡುವೆ ಇರೋ ಚೀನಾದ ಜಿಂಗ್‌ಡೆಝೆನ್ ಪಿಂಗಾಣಿಯ ಊರಾಗಿದ್ದು ಹೇಗೆ ಅಂತ ಕೇಳಿದ್ದೀರಿ. ಉತ್ತರ ಇರೋದು ಆ ಊರಲ್ಲಿ ಹರಿಯೋ ಚಾಂಗ್ ನದಿಯಲ್ಲಿ.

ಊರಿನ ಸುತ್ತಲ ಬೆಟ್ಟಗಳಲ್ಲಿ ಪಿಂಗಾಣಿ ಕಲ್ಲು ಸಿಗುತ್ತದೆ. ಹತ್ತಿರದ ಗಾವೊಲಿಂಗ್ ಹಳ್ಳಿಯಲ್ಲಿ ಬಿಳಿ ಜೇಡಿಮಣ್ಣು. ಇವತ್ತು ಜಗತ್ತೆಲ್ಲ 'ಕೆಯೊಲಿನ್' ಅನ್ನೋದು ಆ ಹಳ್ಳಿಯ ಹೆಸರನ್ನೇ! ಕಲ್ಲನ್ನು ಪುಡಿ ಮಾಡೋಕೆ ತೊರೆಗಳ ದಡದಲ್ಲಿ ನೀರಿನ ಚಕ್ರ ಕೂರಿಸುತ್ತಿದ್ದರು. ಚಕ್ರ ತಿರುಗಿದಂತೆ ಮರದ ದಪ್ಪ ಒನಕೆಗಳು ಒಂದೊಂದಾಗಿ ಎದ್ದು ಧಪ್ ಅಂತ ಬೀಳುತ್ತವೆ. ಪುಡಿಯನ್ನು ನೀರಲ್ಲಿ ಕದಡಿ, ತಿಳಿಗೊಳಿಸಿ, ಸಣ್ಣ ಬಿಳಿ ಇಟ್ಟಿಗೆ ಮಾಡಿ ದೋಣಿಗೆ ಹೇರುತ್ತಿದ್ದರು. ಭಟ್ಟಿಗೆ ಬೇಕಾದ ಪೈನ್ ಸೌದೆಯೂ ಹೊಳೆಯಲ್ಲೇ ಬರುತ್ತಿತ್ತು. ತಯಾರಾದ ಬಟ್ಟಲುಗಳು ಪೊಯಾಂಗ್ ಸರೋವರಕ್ಕೆ, ಅಲ್ಲಿಂದ ಯಾಂಗ್ಟ್ಸೆ ನದಿಗೆ. ಬೆಟ್ಟದ ದಾರಿಯಲ್ಲಿ ಹೊತ್ತರೆ ಎಷ್ಟು ಒಡೆಯುತ್ತಿತ್ತೋ, ಅಲ್ವಾ?

ಊರಿಗೆ ಈ ಹೆಸರು ಬಂದಿದ್ದು 1004ರಲ್ಲಿ ಶುರುವಾದ, ಸಾಂಗ್ ವಂಶದ ಚಕ್ರವರ್ತಿ ಝೆನ್‌ಝಾಂಗ್‌ನ ಆಳ್ವಿಕೆಯ 'ಜಿಂಗ್‌ಡೆ' ಅನ್ನೋ ಕಾಲಘಟ್ಟದಿಂದ. ಪಾತ್ರೆಗಳ ಮೇಲಿನ ನೀಲಿ ಚಿತ್ತಾರಕ್ಕೆ ಬಣ್ಣ ಕೊಡೋ ಕೋಬಾಲ್ಟ್ ಖನಿಜ ಪರ್ಷಿಯಾ ಕಡೆಯಿಂದ ಬಂತು.

ನನಗೆ ಜಾಸ್ತಿ ಇಷ್ಟವಾಗೋದು ಅರಮನೆ ಭಟ್ಟಿಯ ಚೂರುಗಳು. ಸಣ್ಣ ಊನವಿದ್ದರೂ ಪಾತ್ರೆಯನ್ನು ಒಡೆದು ಅಲ್ಲೇ ಹೂಳುತ್ತಿದ್ದರು. ಈಗ ಅವನ್ನು ಅಗೆದು, ತುಂಡಿಗೆ ತುಂಡು ಅಂಟಿಸಿದ್ದಾರೆ. ಆ ಬಿರುಕುಗಳನ್ನು ನೋಡಿದರೆ ಕುಂಬಾರನ ಕೈ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಹಂಪಿಯ ಉತ್ಖನನದಲ್ಲೂ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ನೀವು ಜಿಂಗ್‌ಡೆಝೆನ್‌ಗೆ ಹೋದರೆ ಸಾನ್‌ಬಾವೊ ಕಣಿವೆಗೆ ಹೋಗಿ, ನೀರೊನಕೆ ನೋಡದೆ ಬರಬೇಡಿ.