ತಗ್ಗಿಸಿದ ಮಿಯಾಟಾನ ಅಲೈನ್‌ಮೆಂಟ್‌ಗೆ ಬಿಡೋ ಮುಂಚೆ ಮನೇಲಿ ಏನೇನು ಮಾಡ್ಕೋಬೇಕು?

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. 1996ರ ಮಿಯಾಟಾ (ಮಾಜ್ದಾದ ಎರಡು ಸೀಟಿನ ಸಣ್ಣ ಸ್ಪೋರ್ಟ್ಸ್ ಕಾರು), ಪಿಟ್ಸ್‌ಬರ್ಗ್ ಕಡೆ ಇಷ್ಟು ವರ್ಷ ಓಡಿದ ಗಾಡಿ, ಈಗ ಕಾಯ್ಲೋವರ್ (ಎತ್ತರ ಹೊಂದಿಸ್ಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿ ತಗ್ಗಿಸಿದೀರ, ಮುಂದಿನ ಶನಿವಾರ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡ್ಸೋದು) ಬುಕ್ ಆಗಿದೆ, ಹೋಗೋ ಮುಂಚೆ ಮನೇಲಿ ಏನಾದ್ರೂ ಮಾಡ್ಕೋಬೇಕಾ ಅಥವಾ ಸೀದಾ ತಗೊಂಡು ಹೋಗಿ ಬಿಟ್ರೆ ಸಾಕಾ ಅಂತ ಕೇಳಿದೀರ. ಸೀದಾ ಹೋಗ್ಬೇಡಿ. ನಂದು 1999ರ ಎನ್‌ಬಿ, ಅಂದ್ರೆ ಎರಡನೇ ತಲೆಮಾರಿನ ಮಿಯಾಟಾ, ಇರೋದು ಕ್ಲೀವ್‌ಲ್ಯಾಂಡ್ ಹತ್ರ, ನಿಮ್ಮ ಊರಿನ ಹಾಗೇ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯೋ ಜಾಗ. ನಿಮ್ಮ ಎನ್‌ಎಗೂ (ಮೊದಲ ತಲೆಮಾರು) ನನ್ನ ಎನ್‌ಬಿಗೂ ಅಡಿಯಲ್ಲಿ ಇರೋ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದ್ರೆ ಪ್ರತಿ ಚಕ್ರನ ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುತ್ತೆ.

ಮೊದಲ ಸಲ ನಾನು ಹಾಗೇ ತಗೊಂಡು ಹೋಗಿ ಬಿಟ್ಟಿದ್ದೆ. ಸಾಯಂಕಾಲ ಹೋಗಿ ನೋಡಿದ್ರೆ ಮುಂದಿನ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರೋದು) ಒಂದು ಸರಿ ಮಾಡಿದಾರೆ, ಹಿಂದಿನ ಚಕ್ರದ ನಂಬರ್ ಎಲ್ಲಾ ಕೆಂಪು, ಅಂದ್ರೆ ಮಿತಿ ಹೊರಗೆ, "ಬೋಲ್ಟ್ ತಿರುಗ್ತಿಲ್ಲ" ಅಂತ ಒಂದು ಮಾತು, ಆದ್ರೆ ದುಡ್ಡು ಮಾತ್ರ ಪೂರ್ತಿ ತಗೊಂಡ್ರು. ಅವತ್ತು ಸಿಟ್ಟು ಬಂದಿದ್ದು ನಿಜ, ಆದ್ರೆ ಆಮೇಲೆ ನಾನೇ ಗಾಡಿ ಕೆಳಗೆ ಮಲಗಿ ನೋಡಿದ್ಮೇಲೆ ಗೊತ್ತಾಯ್ತು, ಗಂಟೆ ಲೆಕ್ಕದಲ್ಲಿ ಕೆಲಸ ಮಾಡೋರಿಗೆ ಆ ಬೋಲ್ಟ್ ಬಿಡಿಸೋಕೆ ಸಾಧ್ಯವೇ ಇರ್ಲಿಲ್ಲ ಅಂತ.

ಆ ಬೋಲ್ಟ್ ವಿಷಯಾನೇ ಇಲ್ಲಿ ದೊಡ್ಡದು, ಅದಕ್ಕೆ ಅದನ್ನ ಮೊದಲು ಹೇಳ್ತೀನಿ. ಪ್ರತಿ ಚಕ್ರದ ಲೋವರ್ ಆರ್ಮ್ ಒಳಗಡೆ ತುದಿಯಲ್ಲಿ ಎರಡೆರಡು ಕ್ಯಾಮ್ ಬೋಲ್ಟ್ (ತಿರುಗಿಸಿದ್ರೆ ಆರ್ಮ್ ಸರಿಯೋ ಬೋಲ್ಟ್) ಇವೆ, ಒಟ್ಟು ಎಂಟು. ಮುಂದಿನ ಚಕ್ರದ ಜೋಡಿ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲಿರೋದು) ಮತ್ತೆ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರೋದು) ನೋಡ್ಕೊಳ್ಳುತ್ತೆ, ಹಿಂದಿನ ಚಕ್ರದ ಜೋಡಿ ಕ್ಯಾಂಬರ್ ಮತ್ತೆ ಟೋ. ಬೋಲ್ಟು ಬುಷ್ (ಆರ್ಮ್ ತುದಿಯ ರಬ್ಬರ್ ಕೊಳವೆ) ಮಧ್ಯದ ಕಬ್ಬಿಣದ ಸ್ಲೀವ್ ಒಳಗೆ ಹೋಗುತ್ತೆ, ಅಲ್ಲಿ ಉಪ್ಪುನೀರು ಸೇರಿ ತುಕ್ಕು ಹಿಡಿದು ಎರಡೂ ಒಂದಾಗಿ ಕಚ್ಕೊಂಡಿರುತ್ತೆ. ಇದರಲ್ಲಿ ಮೋಸ ಎಲ್ಲಿ ಆಗುತ್ತೆ ಅಂದ್ರೆ ನಟ್ ಆರಾಮಾಗಿ ಸಡಿಲ ಆಗಿಬಿಡುತ್ತೆ, ಬೋಲ್ಟ್ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ತಿರುಗಿದ ಹಾಗೂ ಕಾಣುತ್ತೆ, ಆದ್ರೆ ಕೈ ಬಿಟ್ಟ ತಕ್ಷಣ ಸ್ಪ್ರಿಂಗ್ ಥರ ವಾಪಸ್ ಬಂದುಬಿಡುತ್ತೆ. ಹಾಗೆ ವಾಪಸ್ ಬಂತು ಅಂದ್ರೆ ಬೋಲ್ಟ್ ಸ್ಲೀವ್‌ಗೆ ಅಂಟ್ಕೊಂಡಿದೆ, ನೀವು ತಿರುಚ್ತಾ ಇರೋದು ರಬ್ಬರ್‌ನ ಅಂತ ಅರ್ಥ.

ಇವತ್ತೇ ಶುರು ಮಾಡಿ. ವೈರ್ ಬ್ರಷ್‌ನಲ್ಲಿ ಎಂಟೂ ಕಡೆ ಉಜ್ಜಿ, ಕ್ಯಾಮ್ ಈಗ ಯಾವ ಗೆರೆ ಮೇಲೆ ಕೂತಿದೆ ಅಂತ ಬಿಳಿ ಪೇಂಟಲ್ಲಿ ಗುರುತು ಹಾಕಿ ಫೋಟೋ ತಗೊಳ್ಳಿ, ಆಮೇಲೆ ಪೆನಟ್ರೇಟಿಂಗ್ ಆಯಿಲ್ ಹೊಡೀರಿ, ಮಾಮೂಲಿ ಡಬ್ಲ್ಯೂಡಿ-40 ಸಾಲೋದಿಲ್ಲ, ಪಿಬಿ ಬ್ಲಾಸ್ಟರ್ ಥರದ್ದು ತಗೊಳ್ಳಿ. ದಿನಾ ಸಂಜೆ ಒಂದು ಸಲ ಹೊಡೀತಾ ಬನ್ನಿ, ನಾಲ್ಕೈದು ದಿನ. ಆಮೇಲೆ ನಟ್ ಸಡಿಲ ಮಾಡಿ ದೊಡ್ಡ ಬ್ರೇಕರ್ ಬಾರಲ್ಲಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪಾನೇ ಆಡಿಸಿ, ಒಂದೇ ಕಡೆಗೆ ಜಗ್ಗಬೇಡಿ. ಬಿಟ್ಟಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದು ಒರೆಸಿ ಆಂಟಿ ಸೀಜ್ (ಮತ್ತೆ ಕಚ್ಕೊಳ್ಳದ ಹಾಗೆ ಮಾಡೋ ಪೇಸ್ಟ್) ಬಳಿದು ವಾಪಸ್ ಹಾಕಿ, ಮುಂದಿನ ಸಲಕ್ಕೆ ನೀವೇ ನಿಮಗೆ ಥ್ಯಾಂಕ್ಸ್ ಹೇಳ್ಕೋತೀರ. ನನ್ನ ಎಂಟರಲ್ಲಿ ಐದು ಬಿಟ್ವು, ಮೂರು ಬಿಡ್ಲೇ ಇಲ್ಲ. ಬಿಡದೇ ಇದ್ದಿದ್ದಕ್ಕೆ ಬೇರೆ ದಾರಿ ಇಲ್ಲ, ಬುಷ್‌ಗೂ ಸಬ್‌ಫ್ರೇಮ್ (ಆರ್ಮ್ ಕೂರೋ ಚೌಕಟ್ಟು) ಬ್ರ್ಯಾಕೆಟ್‌ಗೂ ಮಧ್ಯೆ ಗರಗಸದ ಬ್ಲೇಡ್ ತೂರಿಸಿ ಎರಡೂ ಕಡೆ ಕತ್ತರಿಸಿ, ಆರ್ಮ್ ಇಳಿಸಿ, ಹೊಸ ಬುಷ್ ಹೊಸ ಕ್ಯಾಮ್ ಬೋಲ್ಟ್ ಹಾಕ್ಬೇಕು. ಬ್ರ್ಯಾಕೆಟ್‌ಗೆ ಬ್ಲೇಡ್ ತಾಗದ ಹಾಗೆ ನಿಧಾನವಾಗಿ ಮಾಡಿ, ನನಗೆ ಮೂರಕ್ಕೆ ಒಂದು ವಾರಾಂತ್ಯ ಪೂರ್ತಿ ಹೋಯ್ತು. ಒಂದೇ ಒಂದು ಬಿಡದೇ ಇದ್ರೂ ಶನಿವಾರದ ಅಪಾಯಿಂಟ್‌ಮೆಂಟ್ ಮುಂದೂಡಿ, ದಯವಿಟ್ಟು.

ಇನ್ನು ಎತ್ತರ. ಅಲೈನ್‌ಮೆಂಟ್ ಆದ್ಮೇಲೆ ಕಾಯ್ಲೋವರ್ ಕಾಲರ್ ಮುಟ್ಟೋ ಹಾಗಿಲ್ಲ, ಯಾಕಂದ್ರೆ ಗಾಡಿ ಕೆಳಗೆ ಇಳಿದಷ್ಟೂ ಚಕ್ರದ ಮೇಲ್ಭಾಗ ಒಳಗೆ ವಾಲುತ್ತೆ, ಟೋನೂ ಬದಲಾಗುತ್ತೆ. ಹಾಗಾಗಿ ಎತ್ತರ ಮೊದಲೇ ಫೈನಲ್ ಮಾಡ್ಕೊಳ್ಳಿ. ಅಳೆಯೋದು ನೆಲದಿಂದ ಬೇಡ, ಹಬ್‌ನ ನಡುಮಧ್ಯದಿಂದ ಫೆಂಡರ್ ಅಂಚಿಗೆ ನೇರ ಮೇಲಕ್ಕೆ ಅಳೀರಿ, ಆಗ ಟೈರ್ ಸೈಜು ಗಾಳಿ ಯಾವುದೂ ಲೆಕ್ಕಕ್ಕೆ ಬರಲ್ಲ. ನಂದು ಮುಂದೆ 320 ಮಿಮೀ, ಹಿಂದೆ 325. ಇದಕ್ಕಿಂತ ತುಂಬಾ ಕೆಳಗೆ ಇಳಿಸಿದ್ರೆ ನೋಡೋಕೆ ಚೆನ್ನಾಗಿರುತ್ತೆ ಅಷ್ಟೇ, ಪ್ರತಿ ಹಳ್ಳಕ್ಕೂ ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ ಕೊನೆಗೆ ತಾಗೋ ತಡೆ) ಹೊಡೀತಾ ಇರುತ್ತೆ, ನನಗಂತೂ ಅದು ಇಷ್ಟ ಇಲ್ಲ. ಎತ್ತರ ಸೆಟ್ ಮಾಡೋವಾಗ ಆಂಟಿರೋಲ್ ಬಾರ್‌ದು (ಎಡ ಬಲ ಸಸ್ಪೆನ್ಷನ್ ಜೋಡಿಸೋ ಸರಳು) ಒಂದು ಕಡೆ ಲಿಂಕ್ ಕಳಚಿಡಿ, ಇಲ್ಲಾಂದ್ರೆ ಎಡಗಡೆ ತಿರುಗಿಸಿದ್ದು ಬಲಗಡೆಯನ್ನೂ ಎಳೆಯುತ್ತೆ, ಕೊನೆಗೆ ಗಾಡಿ ನೆಲದ ಮೇಲೆ ನಿಂತಾಗ ಬಲವಂತ ಇಲ್ಲದೆ ಕೂರೋ ಹಾಗೆ ಹಾಕಿ. ಜ್ಯಾಕ್ ಇಳಿಸಿದ ತಕ್ಷಣ ಅಳೀಬೇಡಿ, ಟೈರು ನೆಲಕ್ಕೆ ಕಚ್ಕೊಂಡು ಸಸ್ಪೆನ್ಷನ್ ಪೂರ್ತಿ ಇಳಿದಿರೋದಿಲ್ಲ, ಗಾಡಿನ ಹತ್ತಡಿ ಹಿಂದೆ ಮುಂದೆ ಉರುಳಿಸಿ ನಾಲ್ಕೂ ಮೂಲೆ ಒತ್ತಿ ಬಿಟ್ಟು ಆಮೇಲೆ ಅಳೀರಿ.

ಬುಷ್ ವಿಷಯ ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಕಂಪನಿ ರಬ್ಬರ್ ಬುಷ್‌ನಲ್ಲಿ ರಬ್ಬರ್ ಒಳಗೂ ಹೊರಗೂ ಲೋಹಕ್ಕೆ ಅಂಟಿರುತ್ತೆ, ಬೋಲ್ಟ್ ಬಿಗಿ ಮಾಡಿದ್ಮೇಲೆ ಅದು ಜಾರಲ್ಲ, ತಿರುಚ್ಕೊಳ್ಳುತ್ತೆ. ಗಾಡಿ ಜ್ಯಾಕ್ ಮೇಲೆ ಇದ್ದು ಚಕ್ರ ಜೋತಾಡ್ತಾ ಇರೋವಾಗ ನೀವು ಬಿಗಿ ಮಾಡಿದ್ರೆ, ಕೆಳಗೆ ಇಳಿಸಿದ ಕ್ಷಣದಿಂದಾನೇ ರಬ್ಬರ್ ತಿರುಚಿಕೊಂಡೇ ಇರುತ್ತೆ, ಗಾಡಿನ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯುತ್ತೆ, ಬೇಗ ಹರಿಯುತ್ತೆ. ಅಲೈನ್‌ಮೆಂಟ್ ಮಾಡೋರು ಕ್ಯಾಮ್ ನಟ್ ಸಡಿಲ ಮಾಡಿದಾಗ ಆ ತಿರುಚು ಬಿಟ್ಟು ಗಾಡಿ ಕೆಳಗೆ ಕೂರುತ್ತೆ, ನಂಬರ್ ಎಲ್ಲಾ ಓಡಾಡುತ್ತೆ, ಅವರಿಗೆ ಯಾಕೆ ಅಂತಾನೂ ಗೊತ್ತಾಗಲ್ಲ. ಅದಕ್ಕೆ ಕಾಯ್ಲೋವರ್ ಹಾಕಿದ್ಮೇಲೆ ಮೇಲಿನ ಆರ್ಮ್, ಕೆಳಗಿನ ಆರ್ಮ್, ಶಾಕ್‌ನ ಕೆಳಗಿನ ಬೋಲ್ಟ್, ಎಲ್ಲವನ್ನೂ ಗಾಡಿ ತನ್ನ ಚಕ್ರದ ಮೇಲೆ ನಿಂತಿರೋವಾಗ ಸಡಿಲ ಮಾಡಿ, ಒತ್ತಿ ಬಿಟ್ಟು, ಮತ್ತೆ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಹೇಳಿರೋ ಟಾರ್ಕ್‌ಗೆ ಬಿಗಿ ಮಾಡಿ. ತಗ್ಗಿದ ಗಾಡಿ ಕೆಳಗೆ ನುಗ್ಗೋದು ಹೇಗೆ ಅಂದ್ರೆ, ನಾನು 2x10 ಮರದ ಹಲಗೆ ಕತ್ತರಿಸಿ ನಾಲ್ಕು ಪದರ ಸ್ಕ್ರೂ ಹೊಡೆದು ನಾಲ್ಕು ದಿಮ್ಮಿ ಮಾಡ್ಕೊಂಡಿದೀನಿ, ಒಂದೊಂದು ಆರು ಇಂಚು ಎತ್ತರ, ಚಕ್ರ ಅದರ ಮೇಲೆ ಕೂರುತ್ತೆ. ಹ್ಯಾಂಡ್‌ಬ್ರೇಕ್ ಹಾಕಿ ಗೇರಲ್ಲಿ ಬಿಡಿ. ಬರೀ ಜ್ಯಾಕ್ ನಂಬ್ಕೊಂಡು ಯಾವತ್ತೂ ಕೆಳಗೆ ಹೋಗ್ಬೇಡಿ.

ಪ್ಲೇ, ಅಂದ್ರೆ ಜಾಯಿಂಟ್‌ಗಳ ಸಡಿಲ, ಚೆಕ್ ಮಾಡೋದು ಹತ್ತು ನಿಮಿಷದ ಕೆಲಸ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಅಂದ್ರೆ ಬಾಲ್ ಜಾಯಿಂಟ್ ಇಲ್ಲಾ ಬೇರಿಂಗ್, ಮುಂದಿನ ಚಕ್ರ ಎಡ ಬಲ ಹಿಡಿದಾಗ ಟಕ್ ಅಂದ್ರೆ ಟೈ ರಾಡ್ (ಸ್ಟೀರಿಂಗ್‌ನ ಚಕ್ರಕ್ಕೆ ಜೋಡಿಸೋ ಸರಳು). ಸವೆದ ಭಾಗ ಇಟ್ಕೊಂಡು ಅಲೈನ್‌ಮೆಂಟ್ ಮಾಡ್ಸಿದ್ರೆ ದುಡ್ಡು ದಂಡ. ಹಾಗೇ ಟೈ ರಾಡ್ ಲಾಕ್ ನಟ್‌ಗೂ ಎಣ್ಣೆ ಹೊಡೆದು ಒಂದು ಸಲ ಬಿಡಿಸಿ ನೋಡಿ, ಟೈ ರಾಡ್ ತಿರುಗಿಸೋವಾಗ ರ‍್ಯಾಕ್ ಬೂಟ್ (ಅದರ ಮೇಲಿನ ರಬ್ಬರ್ ಕವಚ) ಸುತ್ಕೊಳ್ಳದ ಹಾಗೆ ಅದರ ಸಣ್ಣ ಕ್ಲಿಪ್ ಸರಿಸಿಡಿ.

ಇಷ್ಟೆಲ್ಲಾ ಆದ್ಮೇಲೆ ಅಂಗಡಿವರೆಗೂ ಓಡಿಸ್ಬೇಕಲ್ಲ, ಅದಕ್ಕೆ ಟೇಪ್ ಹಿಡಿದು ಟೈರ್ ಮುಂಭಾಗದ ಅಂತರ, ಹಿಂಭಾಗದ ಅಂತರ ಅಳೆದು ಟೋ ಅಂದಾಜಿಗೆ ಸರಿ ಮಾಡ್ಕೊಳ್ಳಿ. ಸ್ಪ್ರಿಂಗ್ ಕೂರೋಕೆ ಒಂದು ನೂರು ಮೈಲಿ ಓಡಿಸಿ ಎತ್ತರ ಮತ್ತೊಮ್ಮೆ ಅಳೀರಿ.

ಅಂಗಡಿಗೆ ಮೊದಲೇ ಫೋನ್ ಮಾಡಿ ಕೇಳಿ: ಇಷ್ಟು ತಗ್ಗಿದ ಗಾಡಿ ನಿಮ್ಮ ರ‍್ಯಾಂಪ್ ಹತ್ತುತ್ತಾ, ಎಂಟೂ ಕ್ಯಾಮ್ ಮುಟ್ತೀರಾ, ನಾನು ಕೊಟ್ಟ ನಂಬರ್‌ಗೆ ಸೆಟ್ ಮಾಡ್ತೀರಾ ಅಂತ. ಕೆಲವರು ಮಷಿನ್‌ನಲ್ಲಿ ಹಸಿರು ಬಂದ್ರೆ ಸಾಕು ಅಂತ ನಿಲ್ಲಿಸಿಬಿಡ್ತಾರೆ, ಆ ಹಸಿರು ಕಂಪನಿ ಎತ್ತರದ ಗಾಡಿಗೆ ಮಾಡಿದ್ದು. ನಾನು ಚೀಟಿ ಬರೆದು ಕೊಡ್ತೀನಿ: ಮುಂದೆ ಕ್ಯಾಂಬರ್ ಮೈನಸ್ 1.5 ಡಿಗ್ರಿ, ಹಿಂದೆ ಮೈನಸ್ 1.8, ಮುಂದಿನ ಟೋ ಸೊನ್ನೆ, ಹಿಂದೆ ಒಟ್ಟು 1/16 ಇಂಚು ಒಳಮುಖ, ಕ್ಯಾಸ್ಟರ್ ಎರಡೂ ಕಡೆ ಸಮ ಇದ್ದು ಐದು ಡಿಗ್ರಿ ಹತ್ರ. ದಿನಾ ಓಡಿಸೋಕೂ, ವಾರಾಂತ್ಯದಲ್ಲಿ ತಿರುವು ರಸ್ತೆಗೂ ಇದು ನನಗೆ ಹಿಡಿಸಿದೆ.

ಇನ್ನೊಂದು, ಸೀಟಲ್ಲಿ ನಿಮ್ಮ ತೂಕ ಇರ್ಬೇಕು. ಇಷ್ಟು ಹಗುರ ಗಾಡಿಗೆ ಒಬ್ಬ ಮನುಷ್ಯ ಕೂತ್ರೂ ನಂಬರ್ ಬದಲಾಗುತ್ತೆ. ನಾನು ಇಂಡಿಯನ್ ಸ್ಟೋರ್‌ನಿಂದ ಸೋನಾ ಮಸೂರಿ 20 ಪೌಂಡ್ ಚೀಲ ಎಂಟು ತಂದು ಡ್ರೈವರ್ ಸೀಟಲ್ಲೂ ಕಾಲಿಡೋ ಜಾಗದಲ್ಲೂ ಜೋಡಿಸಿದ್ದೆ, 160 ಪೌಂಡ್, ಹೆಚ್ಚುಕಮ್ಮಿ ನನ್ನ ತೂಕ, ಆಮೇಲೆ ಅಕ್ಕಿ ನಾವೂ ಸ್ನೇಹಿತರೂ ಹಂಚ್ಕೊಂಡ್ವಿ. ಪೆಟ್ರೋಲ್ ಅರ್ಧ ಟ್ಯಾಂಕ್, ಡಿಕ್ಕಿ ಖಾಲಿ, ಟೈರ್ ಗಾಳಿ ನೀವು ದಿನಾ ಓಡಿಸೋ ಲೆಕ್ಕಕ್ಕೆ.

ಮುಗಿದ ಮೇಲೆ ಕ್ಯಾಮ್ ಕೂತ ಜಾಗಕ್ಕೆ ಬೇರೆ ಬಣ್ಣದ ಗುರುತು ಹಾಕಿ, ನೂರು ಮೈಲಿ ಆದ್ಮೇಲೆ ಗೆರೆ ಸರಿದಿದೆಯಾ ನೋಡಿ, ನಟ್ ಟಾರ್ಕ್ ಮತ್ತೆ ಚೆಕ್ ಮಾಡಿ. ಎಷ್ಟು ಬೋಲ್ಟ್ ಬಿಟ್ವು ಅಂತ ಬುಧವಾರದೊಳಗೆ ಇಲ್ಲೇ ಕಾಮೆಂಟಲ್ಲಿ ಬರೀರಿ, ಕತ್ತರಿಸೋ ಪರಿಸ್ಥಿತಿ ಬಂದ್ರೆ ಬ್ಲೇಡ್ ಎಲ್ಲಿಂದ ತೂರಿಸ್ಬೇಕು ಅಂತ ನನ್ನ ಫೋಟೋ ಹಾಕ್ತೀನಿ.