ಸ್ಯಾನಿಟೈಸರ್‌ಗೂ ಕೂಗುವ ಸೆನ್ಸರ್ ನಾಯಿಯ ಹಾಗೆ ಮೂಸಬಲ್ಲದೇ?

ಪ್ರಶ್ನೆ: ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಅಡುಗೆಮನೆಯಲ್ಲಿ ಅಲಾರಂ ಹಾಕಿಸಿದ್ದೇವೆ. ಅದರ ಪಕ್ಕ ನಿಂತು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೂ ಕೂಗುತ್ತದೆ. ಇಷ್ಟು ವ್ಯತ್ಯಾಸವೂ ತಿಳಿಯದ ಇಂಥ ಸೆನ್ಸರ್‌ಗಳಿಂದಲೇ ‘ಎಲೆಕ್ಟ್ರಾನಿಕ್ ಮೂಗು’ ಮಾಡುತ್ತಾರಂತೆ, ನಿಜವಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಜ. ನಿಮಗೆ ಕಿರಿಕಿರಿ ಮಾಡುತ್ತಿರುವ ಆ ಗುಣದಿಂದಲೇ ಈ ಮೂಗು ಕೆಲಸ ಮಾಡುತ್ತದೆ!

ಮೊದಲು ಅಲಾರಂ ಒಳಗೆ ಇಣುಕೋಣ. ಇಂಥವುಗಳಲ್ಲಿ ಸಾಮಾನ್ಯವಾಗಿ ತವರದ ಆಕ್ಸೈಡಿನ ಪುಟ್ಟ ತುಣುಕು ಇರುತ್ತದೆ. ಸಣ್ಣ ಹೀಟರ್ ಅದನ್ನು ಸದಾ ಬಿಸಿಯಾಗಿಟ್ಟಿರುತ್ತದೆ. ಗಾಳಿಯ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ. ಉರಿಯುವ ಗುಣವಿರುವ ಆವಿ ಬಂದರೆ ಆ ಆಮ್ಲಜನಕದ ಜೊತೆ ಸೇರಿ ಹಿಡಿತ ಬಿಡಿಸುತ್ತದೆ. ಕರೆಂಟ್ ಹರಿಯುತ್ತದೆ, ಅಲಾರಂ ಕೂಗುತ್ತದೆ. ಬಂದದ್ದು ಎಲ್‌ಪಿಜಿಯೋ ಸ್ಯಾನಿಟೈಸರಿನ ಆಲ್ಕೋಹಾಲೋ, ಪಾಪ, ಅದಕ್ಕೆ ತಿಳಿಯದು.

ನಮ್ಮ ಮೂಗಿನ ಒಳಗೂ ಹೆಚ್ಚುಕಡಿಮೆ ಇದೇ ಕಥೆ. ನಮ್ಮಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಮಲ್ಲಿಗೆಗೊಂದು, ಇಂಗಿಗೊಂದು ಅಂತ ಬೇರೆ ಬೇರೆ ಇಲ್ಲ. ಒಂದು ಗ್ರಾಹಕ ಹಲವು ವಾಸನೆಗಳಿಗೆ ಸ್ಪಂದಿಸುತ್ತದೆ, ಒಂದು ವಾಸನೆ ಹಲವು ಗ್ರಾಹಕಗಳನ್ನು ಎಬ್ಬಿಸುತ್ತದೆ. ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಅಂಗಳದಲ್ಲಿ ಇಡುವ ಚುಕ್ಕಿಗಳು ಅವೇ, ಎಳೆ ಎಳೆದ ಹಾಗೆ ಒಂದು ದಿನ ಕಮಲ, ಇನ್ನೊಂದು ದಿನ ನವಿಲು. ಮಿದುಳು ಓದುವುದು ಆ ಚಿತ್ರವನ್ನು, ಒಂಟಿ ಚುಕ್ಕಿಯನ್ನಲ್ಲ. ನಿಮ್ಮ ಅಲಾರಂ ಒಂಟಿ ಚುಕ್ಕಿ.

1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ಇದನ್ನೇ ಯಂತ್ರದಲ್ಲಿ ಮಾಡಿ ತೋರಿಸಿದರು. ಮೂರೇ ಮೂರು ತವರದ ಆಕ್ಸೈಡ್ ಸೆನ್ಸರ್‌ಗಳು, ಒಂದೊಂದರ ಸ್ವಭಾವ ಸ್ವಲ್ಪ ಬೇರೆ. ಮೂರರ ಉತ್ತರವನ್ನು ಒಟ್ಟಿಗೆ ನೋಡಿದಾಗ ವಾಸನೆಗಳನ್ನು ಬೇರ್ಪಡಿಸಲು ಸಾಧ್ಯವಾಯಿತು. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಮೂಗಿನ ಗ್ರಾಹಕಗಳ ವಂಶವಾಹಿಗಳನ್ನು ಕಂಡುಹಿಡಿದದ್ದು 1991ರಲ್ಲಿ. ಅಂದರೆ ಈ ಯಂತ್ರ ಬಂದದ್ದು ಅದಕ್ಕೂ ಮುಂಚೆಯೇ! ಈ ಕೆಲಸದ ಬಗ್ಗೆ ನನಗೆ ಇವತ್ತಿಗೂ ಬೆರಗು.

ಹಾಗಾದರೆ ನಾಯಿಗೆ ಸಮವಾ? ಇಲ್ಲ, ಇನ್ನೂ ದೂರ ಇದೆ. ನೆಲ ಮೂಸುತ್ತಿರುವ ನಾಯಿಯ ಮೂಗನ್ನು ಒಮ್ಮೆ ಹತ್ತಿರದಿಂದ ನೋಡಿ. ಹೊಳ್ಳೆಯ ಪಕ್ಕದಲ್ಲಿ ಒಂದು ಸೀಳು ಕಾಣುತ್ತದೆ. ಉಸಿರು ಒಳಗೆ ಹೋಗುವುದು ಮುಂದಿನಿಂದ, ಹೊರಗೆ ಬರುವುದು ಆ ಸೀಳಿನಿಂದ ಹಿಂದಕ್ಕೆ. ಮಣ್ಣಿನ ನೆಲವಾದರೆ ಧೂಳು ಪಕ್ಕಕ್ಕೆ ಹಾರುವುದು ಕಾಣುತ್ತದೆ. ಹೀಗೆ ಹಿಂದಕ್ಕೆ ಚಿಮ್ಮುವ ಗಾಳಿ ಮುಂದಿನ ಹೊಸ ಗಾಳಿಯನ್ನು ಮೂಗಿನ ಕಡೆ ಎಳೆದು ತರುತ್ತದೆ. ಸೆಕೆಂಡಿಗೆ ಸುಮಾರು ಐದು ಸಲ! ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಮ್ಯಾಥ್ಯೂ ಸ್ಟೇಮೇಟ್ಸ್ ತಂಡ 2016ರಲ್ಲಿ ಲ್ಯಾಬ್ರಡಾರ್ ಮೂಗನ್ನು ತ್ರೀಡಿ ಪ್ರಿಂಟ್ ಮಾಡಿ, ಅದರಂತೆಯೇ ಮೂಸುವ ಮೂತಿಯನ್ನು ಸ್ಫೋಟಕ ಹುಡುಕುವ ಯಂತ್ರಕ್ಕೆ ಜೋಡಿಸಿತು. ಸುಮ್ನೆ ಗಾಳಿ ಹೀರುತ್ತಿದ್ದಾಗಿನದಕ್ಕಿಂತ ಅದು 16 ಪಟ್ಟು ಚೆನ್ನಾಗಿ ಪತ್ತೆ ಮಾಡಿತು. ಸೆನ್ಸರ್ ಅದೇ, ಬದಲಾದದ್ದು ಮೂಸುವ ರೀತಿ.

ಯಂತ್ರದ ದೊಡ್ಡ ಶತ್ರು ತೇವ. ಏಪ್ರಿಲ್ ಬಿಸಿಲಿನಲ್ಲಿ ನಾವು ಬೇರೆ ಬೇರೆ ಕಾಫಿಪುಡಿಗಳನ್ನು ಗುರುತಿಸಲು ತರಬೇತಿ ಕೊಟ್ಟ ಸೆನ್ಸರ್‌ಗಳು ಜೂನ್ ಮಳೆ ಹಿಡಿದ ಮೇಲೆ ಎಲ್ಲ ಪುಡಿಯನ್ನೂ ಒಂದೇ ಎಂದವು. ನೀರಾವಿಯೂ ಅವುಗಳಿಗೆ ಒಂದು ವಾಸನೆಯೇ ಅಲ್ವಾ? ಹಳೆಯದಾದಂತೆ ಸೆನ್ಸರಿನ ಉತ್ತರವೂ ಜಾರುತ್ತದೆ. ನಮ್ಮ ಮೂಗಿನ ನರಕೋಶಗಳಾದರೆ ಸತ್ತು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಅದಕ್ಕೇ ಇವತ್ತು ಎಲೆಕ್ಟ್ರಾನಿಕ್ ಮೂಗು ಗೆಲ್ಲುವುದು ಒಂದೇ ಕೆಲಸಕ್ಕೆ ಕಟ್ಟಿಹಾಕಿದಾಗ. ಚಹಾ ಎಲೆ ಎಷ್ಟು ಹುದುಗಿದೆ ಎಂದು ವಾಸನೆಯಿಂದ ನೋಡಲು ಕೋಲ್ಕತ್ತದ ಸಿ-ಡ್ಯಾಕ್ (ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) ಮಾಡಿರುವ ಯಂತ್ರ ಇಂಥದ್ದು.

ಅಂದಹಾಗೆ, ಕಿರಿಕಿರಿ ಅಂತ ಅಲಾರಂ ಆಫ್ ಮಾಡಬೇಡಿ. ಸ್ಯಾನಿಟೈಸರ್ ಬಾಟಲಿಯನ್ನು ಬೇರೆ ಕೋಣೆಗೆ ಸಾಗಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಹರಡುತ್ತದೆ. ಆದ್ದರಿಂದ ನಿಮ್ಮದು ಎಲ್‌ಪಿಜಿ ಆಗಿದ್ದು, ಅಲಾರಂ ಗೋಡೆಯ ಮೇಲ್ಭಾಗದಲ್ಲಿದ್ದರೆ ಇವತ್ತೇ ನೆಲದ ಹತ್ತಿರಕ್ಕೆ ಇಳಿಸಿ.