ನೋಡಿದ ಹೊಲವನ್ನೇ ಮತ್ತೆ ನೋಡಬೇಕೆ?

ಓದುಗರೊಬ್ಬರ ಪತ್ರ: "ನನ್ನ ಮಗಳು ನಾಲ್ಕನೇ ತರಗತಿ. ಅವಳ ಶಾಲೆಯವರು ಈ ವರ್ಷ ಮಕ್ಕಳನ್ನು ನಾಲ್ಕು ಸಲ ಒಂದೇ ಹೊಲಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಬಿತ್ತನೆಗೆ ಒಮ್ಮೆ, ಬೆಳೆ ಹೂ ಬಿಟ್ಟಾಗ ಒಮ್ಮೆ, ಕೊಯ್ಲಿಗೆ ಒಮ್ಮೆ, ಕೊಯ್ಲು ಮುಗಿದ ಮೇಲೆ ಇನ್ನೊಮ್ಮೆ. ಮೊದಲನೆಯದು ಸರಿ. ಆಮೇಲೆ ನೋಡಿದ್ದನ್ನೇ ನೋಡುವುದರಲ್ಲಿ ಏನಿದೆ? ನಾಲ್ಕು ಬೇರೆ ಬೇರೆ ಜಾಗ ತೋರಿಸಬಹುದಲ್ವಾ? ಪಾಠವೂ ಹಿಂದೆ ಬೀಳುತ್ತದೆ."

ಸಂಪಾದಕರ ಉತ್ತರ:

ಪಾಠದ ಚಿಂತೆ ನನಗೆ ಅರ್ಥವಾಗುತ್ತದೆ. ಬಸ್ಸಿನ ಖರ್ಚೂ ಇದೆ. ದನ, ಕೋಳಿ ಮುಟ್ಟಿದ ಕೈಯಲ್ಲೇ ಮಕ್ಕಳು ತಿಂಡಿ ತಿಂದರೆ ಕಾಯಿಲೆ ಬರುವ ಅಪಾಯವೂ ಇದೆ. ಅಲ್ಲಿ ಸೋಪು, ಹರಿಯುವ ನೀರು ಇದೆಯಾ ಎಂದು ಶಾಲೆಯವರನ್ನು ಖಂಡಿತ ಕೇಳಿ. ಮಣ್ಣಾದ ಕೈಗೆ ಸ್ಯಾನಿಟೈಸರ್ ಸಾಲದು.

ಆದರೆ 'ನೋಡಿದ್ದನ್ನೇ' ಎಂದು ಬರೆದಿದ್ದೀರಲ್ಲ, ಆ ಒಂದು ಮಾತನ್ನು ನಾನು ಸುಮ್ನೆ ಬಿಡಲಾರೆ. ಆ ನಾಲ್ಕು ದಿನಗಳಲ್ಲಿ ಹೊಲ ಒಮ್ಮೆಯೂ ಹಿಂದಿನ ಸಲದ ಹಾಗೆ ಇರುವುದಿಲ್ಲ.

ಒಂದು ಬಟಾಣಿ ಗಿಡ ತೆಗೆದುಕೊಳ್ಳಿ. ಮೊದಲ ಸಲ ಮಗುವಿನ ಕೈಯಲ್ಲಿ ಬರೀ ಕಾಳು. ಎರಡನೇ ಸಲ, ಹೂವಿನ ಹೊತ್ತಿಗೆ, ಒಂದು ಗಿಡವನ್ನು ಮೆಲ್ಲಗೆ ಬೇರುಸಹಿತ ಕಿತ್ತರೆ ಬೇರಿನ ತುಂಬ ಸಣ್ಣ ಸಣ್ಣ ಗಂಟು. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣ! ನಮ್ಮ ರಕ್ತವನ್ನು ಕೆಂಪು ಮಾಡುವ ಹಿಮೋಗ್ಲೋಬಿನ್ ಇದೆಯಲ್ಲ, ಅದರ ಹತ್ತಿರದ ನೆಂಟನಂಥ ವಸ್ತು ಅಲ್ಲಿದೆ. ಅದರಲ್ಲೂ ಕಬ್ಬಿಣ ಇದೆ. ಆ ಗಂಟುಗಳೊಳಗೆ ಕೂತ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಉಣಿಸುತ್ತದೆ. ಕೊಯ್ಲಿನ ಹೊತ್ತಿಗೆ ಮತ್ತೊಂದು ಗಿಡ ಕಿತ್ತು ನೋಡಿ. ಗುಲಾಬಿ ಹೋಗಿ ಗಂಟು ಕಂದಾಗಿರುತ್ತದೆ, ಕೆಲಸ ಮುಗಿದಿರುತ್ತದೆ. ನಾಲ್ಕನೇ ಸಲ ಆ ಬೇರುಗಳು ಮಣ್ಣಲ್ಲೇ ಕೊಳೆಯುತ್ತಿರುತ್ತವೆ. ಒಂದೇ ಸಲ ಹೋದ ಮಗುವಿಗೆ ಇದರಲ್ಲಿ ಎಷ್ಟು ಸಿಕ್ಕೀತು, ನೀವೇ ಹೇಳಿ.

ಕೋಳಿಗೂಡಿನಲ್ಲೂ ಹೀಗೇ. ಹಗಲು ಚಿಕ್ಕದಾಗುವ ದಿನಗಳಲ್ಲಿ ಕೋಳಿಗಳು ಪುಕ್ಕ ಉದುರಿಸುತ್ತವೆ, ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಹೋದ ಸಲ ಬುಟ್ಟಿ ತುಂಬಿದ್ದ ಮಗು ಈ ಸಲ ಖಾಲಿ ಬುಟ್ಟಿ ಹಿಡಿದು 'ಯಾಕೆ?' ಅನ್ನುತ್ತದೆ. ಹೋದ ಸಲದ್ದು ನೆನಪಿರುವ ಮಗು ಮಾತ್ರ ಆ ಪ್ರಶ್ನೆ ಕೇಳಬಲ್ಲದು.

ನಮ್ಮನ್ನು ಶಾಲೆಯಿಂದ ಹೊಲಕ್ಕೆ ಕರೆದುಕೊಂಡು ಹೋಗಿದ್ದು ಒಂದೇ ಒಂದು ಸಲ. ಸಾಲಾಗಿ ನಡೆಯಿರಿ, ಏನೂ ಮುಟ್ಟಬೇಡಿ, ಕೈ ಹಿಂದೆ ಕಟ್ಟಿಕೊಳ್ಳಿ. ಮಧ್ಯಾಹ್ನದೊಳಗೆ ವಾಪಸ್. ಮರುದಿನ ಪ್ರಬಂಧ. ಇಡೀ ತರಗತಿ ಬರೆದದ್ದು ಒಂದೇ ಪ್ರಬಂಧ, ಯಾಕೆಂದರೆ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದಿದ್ದರು. ಹೊಲದ ಹಸಿರು ನನಗೆ ನೆನಪಿಲ್ಲ. ಬೆನ್ನ ಹಿಂದೆ ಬೆವೆತ ಕೈ ನೆನಪಿದೆ.

ಮಕ್ಕಳು ಕೈಯಾರೆ ಮುಟ್ಟಿ, ಮಾಡಿ ಕಲಿಯಬೇಕು ಎಂಬುದು ಇವತ್ತು ಹೊಳೆದ ವಿಚಾರವಲ್ಲ. 1837ರಲ್ಲಿ ಜರ್ಮನಿಯಲ್ಲಿ ಫ್ರೋಬೆಲ್ ಶುರು ಮಾಡಿದ ಶಿಶುವಿಹಾರದ ತೋಟದಲ್ಲಿ ಒಂದೊಂದು ಮಗುವಿಗೂ ತನ್ನದೇ ಪುಟ್ಟ ಪಾತಿ ಇರುತ್ತಿತ್ತು. 1896ರಲ್ಲಿ ಶಿಕಾಗೋದಲ್ಲಿ ಶಾಲೆ ತೆರೆದ ಜಾನ್ ಡ್ಯೂಯಿ ಒಂದು ಚಂದದ ಸಂಗತಿ ಬರೆದಿದ್ದಾರೆ. ಮಕ್ಕಳು ಅರ್ಧ ಗಂಟೆ ಕೂತು ಕೈಯಿಂದ ಹತ್ತಿಯನ್ನು ಬೀಜದಿಂದ ಬಿಡಿಸಿದರು. ಬಂದದ್ದು ಒಂದು ಔನ್ಸ್‌ಗೂ ಕಮ್ಮಿ, ಅಂದರೆ 28 ಗ್ರಾಂ ಕೂಡ ಇಲ್ಲ. ಅಲ್ಲಿನ ಹಿಂದಿನವರು ಹತ್ತಿ ಬಿಟ್ಟು ಉಣ್ಣೆಯನ್ನೇ ಯಾಕೆ ಜಾಸ್ತಿ ಉಟ್ಟರು ಎಂಬುದು ಆ ಮಕ್ಕಳ ಬೆರಳಿಗೇ ತಿಳಿಯಿತು. ಇಂಗ್ಲೆಂಡಿನ ಡೆವನ್‌ನಲ್ಲಿ 1976ರಿಂದ ನಗರದ ಮಕ್ಕಳು ಒಂದು ವಾರ ಹೊಲದಲ್ಲೇ ಉಳಿದು ಕೆಲಸ ಮಾಡುವ ಏರ್ಪಾಟಿದೆ. ಅವರಿಗೆ ಅಲ್ಲಿ ಕೊಟ್ಟಿಗೆ ಗುಡಿಸುವ ಕೆಲಸವೂ ಇರುತ್ತದೆ.

ಪಠ್ಯಪುಸ್ತಕದ ಚಿತ್ರ ನೋಡಿ. ಬೀಜ, ಒಂದು ಬಾಣದ ಗುರುತು, ಮೊಳಕೆ, ಇನ್ನೊಂದು ಬಾಣ, ಗಿಡ, ಮತ್ತೊಂದು ಬಾಣ, ಕಾಯಿ. ನನ್ನ ಜಗಳ ಇರುವುದು ಆ ಬಾಣಗಳ ಜೊತೆ. ಕಳೆ, ಹುಳ, ಬಾರದ ಮಳೆ, ರೈತನ ನಿದ್ದೆಗೆಟ್ಟ ರಾತ್ರಿ, ಎಲ್ಲವೂ ಆ ಒಂದು ಇಂಚಿನ ಬಾಣದ ಕೆಳಗೆ ಮುಚ್ಚಿಹೋಗಿದೆ. 'ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು' ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಮೇಟಿ ಎಂದರೆ ಕಣದ ನಡುವೆ ನೆಡುವ ಕಂಬ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಹೇಳಿಕೊಡುವವರಲ್ಲಾದರೂ ಎಷ್ಟು ಜನರಿಗೆ ಗೊತ್ತು?

ಕೆಲವು ವರ್ಷಗಳ ಹಿಂದೆ ಮಕ್ಕಳ ಗುಂಪೊಂದರ ಜೊತೆ ನಾನೂ ಹೀಗೆ ಒಂದು ಹೊಲಕ್ಕೆ ಹೋಗುತ್ತಿದ್ದೆ. ಮೊದಲ ಭೇಟಿಯಲ್ಲಿ ಆಗಷ್ಟೇ ಹುಟ್ಟಿದ ಕರು ಇತ್ತು. ಒಬ್ಬ ಹುಡುಗಿ ಅದಕ್ಕೆ ಹೆಸರಿಟ್ಟಳು. ಎರಡನೇ ಸಲ ಬಸ್ಸಿಳಿದವಳೇ ಕೊಟ್ಟಿಗೆಗೆ ಓಡಿದಳು. ಕರು ಇರಲಿಲ್ಲ. ಟೀಚರ್ ಮಾತು ಮರೆಸಲು ನೋಡಿದರು. ರೈತ ತಡೆದು, ಅವಳ ಎದುರು ಕುಕ್ಕರಗಾಲಲ್ಲಿ ಕೂತ. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು, ಹುಟ್ಟುವುದರಲ್ಲಿ ಅರ್ಧ ಗಂಡು ಕರು, ಎಲ್ಲವನ್ನೂ ಸಾಕಲು ನನ್ನಲ್ಲಿ ಮೇವಿಲ್ಲ, ಮಾರಿದೆ ಮಗಳೇ ಎಂದ. ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಮಾರುವಾಗ ನಿಮಗೆ ಬೇಜಾರಾಗಲಿಲ್ವಾ?" ಎಂದು ಕೇಳಿದಳು. ರೈತ ತುಂಬ ಹೊತ್ತು ಮಾತಾಡಲಿಲ್ಲ.

ಅಂದು ಸಂಜೆ ಅವಳ ಮನೆಯವರು ಶಾಲೆಗೆ ದೂರು ಕೊಟ್ಟರು, ಮಗುವನ್ನು ಅಳಿಸಿದಿರಿ ಎಂದು. ನನಗೆ ಸಿಟ್ಟು ಬರುವುದು ಇಲ್ಲೇ. ನಮಗೆ ಹಾಲು ಬೇಕು, ಹಾಲಿನ ಹಿಂದಿನ ಕಥೆ ಬೇಡ. ಅದಕ್ಕೇ ಈಗ ಮಕ್ಕಳಿಗೆಂದು ಸಿಂಗರಿಸಿದ ಹೊಲಗಳು ಬಂದಿವೆ. ಅಲ್ಲಿ ಸಗಣಿ ವಾಸನೆ ಇಲ್ಲ, ಒಣಗಿದ ಬೆಳೆ ಇಲ್ಲ, ಮೊಲದ ಜೊತೆ ಫೋಟೋ ಇದೆ. ಅಲ್ಲಿ ಯಾರೂ ಬೆಳೆ ನಂಬಿ ಬದುಕುತ್ತಿಲ್ಲ. ಇನ್ನು ನಿಜವಾದ ರೈತ ಅರ್ಧ ದಿನದ ಕೆಲಸ ಬಿಟ್ಟು ನಮ್ಮ ಮಕ್ಕಳಿಗೆ ಪಾಠ ಹೇಳಿದರೆ, ಅವನ ಕೈಗೆ ಒಂದು ಥ್ಯಾಂಕ್ಸ್ ಕಾರ್ಡ್ ಕೊಟ್ಟು ಬರುತ್ತೇವೆ. ಬಸ್ಸಿನವರಿಗೆ ಬಾಡಿಗೆ ಕೊಡುತ್ತೇವಲ್ಲ, ಇವನಿಗೆ ಯಾಕಿಲ್ಲ? ಮಗಳ ಶಾಲೆಯವರನ್ನು ಇದನ್ನೂ ಕೇಳಿ.

ನೀವು ಮಗಳ ಬಗ್ಗೆ ಇಷ್ಟು ಯೋಚಿಸಿ ಪತ್ರ ಬರೆದವರು. ಅದಕ್ಕೇ ಸಲಿಗೆಯಿಂದ ಹೇಳುತ್ತಿದ್ದೇನೆ. ಪೋಷಕರ ಸಭೆಯಲ್ಲಿ ಯಾವುದಾದರೂ ಒಂದು ಭೇಟಿ ಬಿಡೋಣ ಎಂಬ ಮಾತು ಬಂದರೆ, ಎಲ್ಲರ ಕೈಯೂ ನಾಲ್ಕನೆಯದರ ಮೇಲೆ ಹೋಗುತ್ತದೆ. ಬರೀ ಬಯಲು, ಅಲ್ಲೇನಿದೆ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ರೈತ ಬೇಲಿ ಕಟ್ಟುವುದು, ಬೀಜ ಆರಿಸಿ ಎತ್ತಿಡುವುದು, ಸಾಲದ ಲೆಕ್ಕ ಹಾಕುವುದು ಆಗಲೇ. ಅವನಿಗೆ ಮಕ್ಕಳ ಜೊತೆ ಕೂತು ಮಾತಾಡಲು ಪುರುಸೊತ್ತು ಇರುವುದೂ ಆಗಲೇ. ಸಾಧ್ಯವಾದರೆ ಅವತ್ತು ನೀವೂ ಬಸ್ಸು ಹತ್ತಿ. ಹೂವಿನ ಹೊತ್ತಿಗೆ ಮಗಳು ಸೀಳಿದ ಗಂಟು ಯಾವ ಬಣ್ಣ ಇತ್ತು ಎಂದು ಅವಳ ಕೈಯಲ್ಲೇ ನಮಗೆ ಒಂದು ಸಾಲು ಬರೆಸಿ ಕಳಿಸಿ.